ಫೋನ್ ಎತ್ತಲಾಗದ ದಿನಗಳು

2021ರ ರಮಝಾನ್. ಕೊರೋನಾದ ಎರಡನೇ ಅಲೆಯ ದಿನಗಳವು. ನಾನು ಮಂಗಳೂರಿನ ಆಸ್ಪತ್ರೆಯೊಂದರ ಕೋವಿಡ್ ಐಸಿಯುನಲ್ಲಿ ನರ್ಸ್ ಆಗಿದ್ದೆ. ಪಿಪಿಇ ಕಿಟ್ ತೊಟ್ಟರೆ ಆರು ಗಂಟೆ ನೀರಿಲ್ಲ, ಶೌಚವಿಲ್ಲ. ಉಪವಾಸ ರೂಢಿಯಿದ್ದವಳಿಗೆ ಅದನ್ನು ಸಹಿಸುವುದು ಸಾಧ್ಯವಾಯಿತು. ಸಹಿಸಲಾಗದ್ದು ಫೋನ್.

ಮನೆಯವರಿಗೆ ಒಳಗೆ ಪ್ರವೇಶವಿರಲಿಲ್ಲ. ದಿನಕ್ಕೊಮ್ಮೆ ಕರೆ ಮಾಡಿ ರೋಗಿಯ ಸ್ಥಿತಿ ತಿಳಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಒಬ್ಬ ಹೆಂಗಸು ಪ್ರತಿ ಸಂಜೆ ಕೇಳುತ್ತಿದ್ದರು: “ಸಿಸ್ಟರ್, ಅವರು ಊಟ ಮಾಡಿದರಾ?” ವೆಂಟಿಲೇಟರ್‌ನಲ್ಲಿರುವವರು ಬಾಯಿಂದ ಉಣ್ಣುವುದಿಲ್ಲವೆಂದು ಹೇಳಲು ನನಗೆ ನಾಲಿಗೆ ಏಳುತ್ತಿರಲಿಲ್ಲ. “ಹೂಂ” ಎನ್ನುತ್ತಿದ್ದೆ. ಐದನೆಯ ದಿನ ಅವರ ಪತಿ ತೀರಿಕೊಂಡರು. ವೈದ್ಯರು ಇನ್ನೊಬ್ಬ ರೋಗಿಯ ಬಳಿ ಇದ್ದರು. ಸುದ್ದಿ ಹೇಳಬೇಕಾದವಳೂ ನಾನೇ ಆದೆ. ಆಕೆ ಅಳಲಿಲ್ಲ. “ನಿನ್ನೆ ಊಟ ಮಾಡಿದ್ದಾರೆ ಅಂದಿರಲ್ಲ ಸಿಸ್ಟರ್?” ಎಂದಷ್ಟೇ ಕೇಳಿದರು.

ಅಲೆ ಇಳಿದು ತಿಂಗಳುಗಳಾದರೂ ಫೋನ್ ರಿಂಗಾದರೆ ನನ್ನ ಕೈ ನಡುಗುತ್ತಿತ್ತು. ನಿದ್ದೆ ಬಿಟ್ಟುಹೋಗಿತ್ತು. ಬಟ್ಟಲ ಮುಂದೆ ಕೂತರೆ ಅದೇ ಪ್ರಶ್ನೆ. “ಈಮಾನ್ ಗಟ್ಟಿಯಿದ್ದವರಿಗೆ ಇದೆಲ್ಲ ಬರುವುದಿಲ್ಲ, ಕುರ್‌ಆನ್ ಓದು” ಎಂದರು ಬಂಧುವೊಬ್ಬರು. ಓದುತ್ತಲೇ ಇದ್ದೆ. ಯೂಸುಫ್ ಅಧ್ಯಾಯದಲ್ಲಿ ಯಾಕೂಬ್(ಅ)ರ ಬಳಿ ನಿಂತೆ. ಮಗನನ್ನು ಅಗಲಿದ ದುಃಖದಲ್ಲಿ ಅವರ ಕಣ್ಣುಗಳೇ ಬೆಳ್ಳಗಾದವು. ಒಬ್ಬ ಪ್ರವಾದಿಯ ಈಮಾನ್ ದುರ್ಬಲವಾಗಿತ್ತೆಂದು ಯಾರು ಹೇಳಬಲ್ಲರು? ಮರುದಿನವೇ ಮನೋವೈದ್ಯರನ್ನು ಕಂಡೆ. ಔಷಧಿಯೂ ಮಾತೂ ಸೇರಿ ನನಗೆ ನಿದ್ದೆಯನ್ನು ಮರಳಿ ಕೊಟ್ಟವು.

ಎಲ್ಲರಿಗೂ ಆ ಬಾಗಿಲು ಸಿಗಲಿಲ್ಲ. ನ್ಯೂಯಾರ್ಕ್‌ನ ತುರ್ತುಚಿಕಿತ್ಸಾ ವೈದ್ಯೆ ಲೋರ್ನಾ ಬ್ರೀನ್ ತಾವೇ ಕೋವಿಡ್‌ನಿಂದ ಚೇತರಿಸಿಕೊಂಡು ಕೆಲಸಕ್ಕೆ ಮರಳಿದ್ದರು. 2020ರ ಎಪ್ರಿಲ್‌ನಲ್ಲಿ ಅವರು ಆತ್ಮಹತ್ಯೆ ಮಾಡಿಕೊಂಡರು. ಮಾನಸಿಕ ಚಿಕಿತ್ಸೆ ಪಡೆದದ್ದು ತಿಳಿದರೆ ವೃತ್ತಿಗೇ ಕುತ್ತು ಬಂದೀತೆಂಬ ಅಂಜಿಕೆ ಅವರಿಗಿತ್ತೆಂದು ಮನೆಯವರು ಹೇಳಿದರು. 2022ರಲ್ಲಿ ಅಮೆರಿಕ ಅವರ ಹೆಸರಿನಲ್ಲೇ ಆರೋಗ್ಯ ಸಿಬ್ಬಂದಿಯ ಮಾನಸಿಕ ರಕ್ಷಣೆಗೆ ಕಾನೂನು ತಂದಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ನಮ್ಮಲ್ಲಿ ಟೆಲಿ ಮಾನಸ್ ಸೇವೆ ಆರಂಭವಾಯಿತು. 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಆ ಹೆಂಗಸಿಗೆ ಫೋನ್ ಮಾಡಿ ಕ್ಷಮೆ ಕೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ. ಆದರೆ ಈಗ ಫೋನ್ ರಿಂಗಾದರೆ ಎತ್ತುತ್ತೇನೆ.

2020ರ ಮಾರ್ಚ್ 22ರ ಸಂಜೆ ನೀವೆಲ್ಲ ನಮಗಾಗಿ ಚಪ್ಪಾಳೆ ತಟ್ಟಿದಿರಿ. ಅದನ್ನು ಮರೆತಿಲ್ಲ. ನಿಮ್ಮ ಮನೆಯಲ್ಲೋ ನೆರೆಯಲ್ಲೋ ಒಬ್ಬ ನರ್ಸ್, ಒಬ್ಬ ಆಶಾ ಕಾರ್ಯಕರ್ತೆ, ಒಬ್ಬ ಆಂಬ್ಯುಲೆನ್ಸ್ ಚಾಲಕ ಇರಬಹುದು. ಈಗಲಾದರೂ ಒಮ್ಮೆ ಹತ್ತಿರ ಕೂತು, “ನಿದ್ದೆ ಬರುತ್ತಿದೆಯಾ?” ಎಂದು ಕೇಳಿ. ಉತ್ತರ ಬರುವವರೆಗೆ ಎದ್ದು ಹೋಗಬೇಡಿ.