ವಾರ್ಡಿನಲ್ಲಿ ಕಂಡದ್ದು ವಾರ್ಡಿನಲ್ಲೇ ಇರಲಿ

ಹೃದಯದ ಚಿತ್ರ ಬರೆದು ಭಾಗಗಳನ್ನು ಗುರುತಿಸಿ ಎಂದರೆ ಹೃತ್ಕರ್ಣವನ್ನು ಕೆಳಗೂ ಹೃತ್ಕುಕ್ಷಿಯನ್ನು ಮೇಲೂ ಬರೆದಿಡುತ್ತಿದ್ದ ಮಕ್ಕಳು ನಾಲ್ಕೈದು ವರ್ಷ ಕಳೆಯುವಷ್ಟರಲ್ಲಿ ಬಿಳಿ ಕೋಟು ಮಡಚಿ ಕೈಚೀಲದಲ್ಲಿಟ್ಟುಕೊಂಡು ರೈಲು ಹತ್ತುವುದನ್ನು ನೋಡುವುದೇ ನನ್ನಂಥ ಮೇಷ್ಟರಿಗೆ ಒಂದು ಹಬ್ಬ. ಕೆ.ಜಿ.ಎಫ್., ಬಂಗಾರಪೇಟೆಯ ಮನೆಮನೆಗಳಿಂದ ಈಗ ನರ್ಸಿಂಗ್, ಲ್ಯಾಬ್ ಟೆಕ್ನಿಷಿಯನ್, ದಂತವೈದ್ಯ, ಎಂ.ಬಿ.ಬಿ.ಎಸ್. ಎಂದು ಮಕ್ಕಳು ಹೊರಡುತ್ತಿದ್ದಾರೆ. ಕೋಲಾರದ ಟಮಕದಲ್ಲಿ 1986ರಲ್ಲಿ ದೇವರಾಜ ಅರಸು ವೈದ್ಯಕೀಯ ಕಾಲೇಜು ಆರಂಭವಾದ ಮೇಲಂತೂ ಡಾಕ್ಟರಿಕೆ ನಮ್ಮ ಜಿಲ್ಲೆಯ ಮಕ್ಕಳಿಗೆ ದೂರದ ಮಾತಾಗಿ ಉಳಿದಿಲ್ಲ.

ಮೊದಲ ಸಲ ಆಸ್ಪತ್ರೆಗೆ ಹೋಗುವ ಮುನ್ನ ಕೆಲವರು ನನ್ನಲ್ಲಿಗೆ ಬಂದು ಕೇಳುವುದುಂಟು: ‘ಸಾರ್, ಅಲ್ಲಿ ನಮಗೇನು ಕೆಲಸ? ಡಾಕ್ಟರ ಹಿಂದೆ ನಿಂತು ನೋಡುವುದು ತಾನೆ?’ ನಿಜ, ನೋಡುವುದೇ ಕೆಲಸ. ಆದರೆ ನೋಡಿದ ಮೇಲೆ ಬಾಯಿ ಮುಚ್ಚಿಕೊಂಡಿರುವುದು ಅದಕ್ಕಿಂತ ದೊಡ್ಡ ಕೆಲಸ.

ಕೆಲವು ವರ್ಷಗಳ ಹಿಂದೆ ಮಾರಿಕುಪ್ಪಂ ರೈಲಿನಲ್ಲಿ ಬಂಗಾರಪೇಟೆಗೆ ಬರುತ್ತಿದ್ದೆ. ಎದುರು ಸೀಟಿನಲ್ಲಿ ಇಬ್ಬರು ವಿದ್ಯಾರ್ಥಿನಿಯರು ಅಂದು ವಾರ್ಡಿನಲ್ಲಿ ಕಂಡದ್ದನ್ನು ಹೇಳಿಕೊಳ್ಳುತ್ತಿದ್ದರು. ‘ನಮ್ಮ ಲೈನಿನ ಟೈಲರ್ ಮಗಳಿಗೆ ಟಿ.ಬಿ. ಅಂತೆ ಕಣೆ. ಮುಂದಿನ ತಿಂಗಳು ಮದುವೆ ಬೇರೆ!’ ಕಿಟಕಿಯ ಬಳಿ ಕುಳಿತಿದ್ದ ಹೆಂಗಸೊಬ್ಬರು ತಟ್ಟನೆ ತಲೆ ಎತ್ತಿ ನೋಡಿದರು. ಬಂಗಾರಪೇಟೆಯಲ್ಲಿ ಇಳಿದ ಮೇಲೆ ಆ ಹುಡುಗಿಯರನ್ನು ಪಕ್ಕಕ್ಕೆ ಕರೆದು, ಇಂಥ ಮಾತು ರೈಲಿನಲ್ಲಿ ಆಡಬಾರದಮ್ಮ ಎಂದೆ. ‘ಹೆಸರು ಹೇಳಲಿಲ್ಲವಲ್ಲ ಸಾರ್’ ಎಂದಳು ಒಬ್ಬಳು.

ಕೆ.ಜಿ.ಎಫ್.ನಲ್ಲಿ ಹೆಸರು ಯಾರಿಗೆ ಬೇಕು? ಯಾವ ಲೈನು, ಅಪ್ಪನ ಕಸುಬೇನು, ಮದುವೆ ಯಾವ ತಿಂಗಳು ಎಂದು ತಿಳಿದರೆ ಸಾಕು, ಮನೆಯ ಬಾಗಿಲಿಗೇ ಹೋಗಿ ನಿಲ್ಲಬಹುದು. ಆ ಮದುವೆ ನಿಂತುಹೋಯಿತೆಂದು ಆಮೇಲೆ ತಿಳಿಯಿತು. ಆರು ತಿಂಗಳು ತಪ್ಪದೆ ಮಾತ್ರೆ ನುಂಗಿ ಹುಡುಗಿ ಗುಣವಾದಳು. ನಿಂತ ಮದುವೆಗೆ ಮಾತ್ರ ಮದ್ದು ಸಿಗಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ.

ವೈದ್ಯರ ನಡವಳಿಕೆಗಾಗಿ ಭಾರತೀಯ ವೈದ್ಯಕೀಯ ಮಂಡಳಿ 2002ರಲ್ಲಿ ಮಾಡಿದ ನಿಯಮಗಳಲ್ಲಿ ಈ ಸೂಕ್ಷ್ಮವಿದೆ. ರೋಗಿಯ ಗುರುತು ಹತ್ತುವಂತಿದ್ದರೆ ಅವರ ಫೋಟೋವನ್ನಾಗಲಿ ಕಾಯಿಲೆಯ ವಿವರವನ್ನಾಗಲಿ ಅನುಮತಿಯಿಲ್ಲದೆ ಪ್ರಕಟಿಸಕೂಡದು. ಗಮನಿಸಿ, ಅಲ್ಲಿರುವ ಪ್ರಶ್ನೆ ಹೆಸರು ಹೇಳಿದಿರಾ ಎಂಬುದಲ್ಲ, ಗುರುತು ಸಿಗುತ್ತದೆಯೇ ಎಂಬುದು. 2017ರ ಎಚ್.ಐ.ವಿ. ಕಾಯ್ದೆಯ ಪ್ರಕಾರ ಸೋಂಕಿತರ ವಿಷಯ ಹೊರಗೆಡಹುವುದು ಕಾನೂನಿಗೆ ವಿರುದ್ಧ. ಜೇಬಿನ ಮೊಬೈಲಿನಿಂದ ವಾರ್ಡಿನಲ್ಲಿ ಫೋಟೋ ತೆಗೆದು ಗೆಳೆಯರಿಗೆ ಕಳಿಸುವ ಹುಡುಗರು ಇದನ್ನು ನೆನಪಿಡಬೇಕು.

ನಮ್ಮ ಊರಿನ ಮಕ್ಕಳಿಗೆ ಈ ಮಾತು ಇನ್ನೂ ಹೆಚ್ಚು ಅನ್ವಯಿಸುತ್ತದೆ. ಕಲ್ಲಿನ ದೂಳು ಪುಪ್ಪುಸಕ್ಕೆ ಸೇರಿ ಬರುವ ಸಿಲಿಕೋಸಿಸ್ ಕಾಯಿಲೆಯ ಬಗ್ಗೆ ಭಾರತದಲ್ಲಿ ಮೊದಲು ವರದಿಯಾದದ್ದು ಕೋಲಾರದ ಚಿನ್ನದ ಗಣಿಯಿಂದ, 1934ರಲ್ಲಿ. 1940ರಿಂದ 46ರವರೆಗೆ ಇಲ್ಲಿ 7653 ಕಾರ್ಮಿಕರನ್ನು ಪರೀಕ್ಷಿಸಿದಾಗ 3402 ಮಂದಿಯಲ್ಲಿ ಆ ಕಾಯಿಲೆ ಕಂಡಿತು. ನೂರರಲ್ಲಿ ಸುಮಾರು 44 ಜನ! ಇಂದಿಗೂ ವೈದ್ಯಕೀಯ ಪುಸ್ತಕಗಳು ಈ ಅಂಕಿಗಳನ್ನು ಎತ್ತಿ ಹೇಳುತ್ತವೆ. ಗಣಿ 2001ರಲ್ಲಿ ಮುಚ್ಚಿತು, ಆದರೆ ಆ ಪಾಠ ಉಳಿಯಿತು. ಎದೆಯೊಡ್ಡಿ ನಿಂತು ಆ ಪಾಠ ಕೊಟ್ಟವರು ನಮ್ಮ ತಾತ ಮುತ್ತಾತಂದಿರು. ಹಾಸಿಗೆಯ ಮೇಲೆ ಮಲಗಿರುವ ರೋಗಿ ಇಂದಿನ ವಿದ್ಯಾರ್ಥಿಗೆ ಕೊಡುತ್ತಿರುವುದೂ ಅದನ್ನೇ. ಅದಕ್ಕೆ ಪ್ರತಿಯಾಗಿ ನಾವು ಕೊಡಬಹುದಾದದ್ದು ಮರ್ಯಾದೆಯೊಂದೇ.

ಮರ್ಯಾದೆ ಎಂದರೇನು? ಮೊದಲನೆಯದು, ಸತ್ಯ ಹೇಳುವುದು. ಬಿಳಿ ಕೋಟು ಕಂಡರೆ ನಮ್ಮ ಜನ ಹತ್ತೊಂಬತ್ತರ ಹುಡುಗಿಯನ್ನೂ ‘ಡಾಕ್ಟರಮ್ಮ’ ಎನ್ನುತ್ತಾರೆ. ಕೇಳಲು ಹಿತವಾಗಿರುತ್ತದೆ. ಆದರೂ ‘ನಾನು ಡಾಕ್ಟರಲ್ಲ ಅಜ್ಜಿ, ಕಲಿಯೋಕೆ ಬಂದಿದ್ದೀನಿ, ಇಲ್ಲಿ ನಿಂತು ನೋಡಬಹುದಾ?’ ಎಂದು ಕೇಳಬೇಕು. ಬೇಡ ಎಂದರೆ ಮುಖ ಸಿಂಡರಿಸದೆ ಹೊರಗೆ ಹೋಗಬೇಕು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿ, ಪುರುಷ ವೈದ್ಯರು ಹೆಂಗಸನ್ನು ಪರೀಕ್ಷಿಸುವಾಗ ಇನ್ನೊಬ್ಬ ಹೆಂಗಸು ಜೊತೆಗಿರಬೇಕೆಂದಿದೆ. ವೈದ್ಯರಿಗೇ ಹೀಗಿದ್ದ ಮೇಲೆ ವಿದ್ಯಾರ್ಥಿಗಳು ಎಷ್ಟು ಎಚ್ಚರದಿಂದಿರಬೇಕು!

ಎರಡನೆಯದು ಭಾಷೆ. ನಮ್ಮಲ್ಲಿ ತಮಿಳು, ತೆಲುಗು, ಕನ್ನಡ, ಉರ್ದು ನಾಲ್ಕೂ ಬಲ್ಲ ಮಕ್ಕಳಿದ್ದಾರೆ. ಹೊರಗಿನಿಂದ ಬಂದ ಡಾಕ್ಟರು ‘ಇವರು ಏನು ಹೇಳುತ್ತಿದ್ದಾರೆ ಕೇಳು’ ಎನ್ನುತ್ತಾರೆ. ಆಗ ರೋಗಿ ಹೇಳಿದ್ದನ್ನು ಹೇಳಿದಷ್ಟೇ ತಿಳಿಸಿ. ಕುಡಿತದ ವಿಷಯವೆಂದು ನಾಚಿ ಬಿಡಬೇಡಿ, ನಿಮ್ಮ ಊಹೆಯನ್ನೂ ಸೇರಿಸಬೇಡಿ.

ಮೂರನೆಯದು ಕೈ. ವಿಯೆನ್ನಾದ ದೊಡ್ಡಾಸ್ಪತ್ರೆಯಲ್ಲಿ ಶವ ಕೊಯ್ದು ಕಲಿಯುತ್ತಿದ್ದ ವಿದ್ಯಾರ್ಥಿಗಳು ಅದೇ ಕೈಯಲ್ಲಿ ಹೆರಿಗೆ ವಾರ್ಡಿಗೆ ಬರುತ್ತಿದ್ದರು. ಅಲ್ಲಿ ಬಾಣಂತಿಯರು ಜ್ವರದಿಂದ ಸಾಯುತ್ತಿದ್ದರು. 1847ರ ಮೇ ತಿಂಗಳಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯ, ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಕೈ ತೊಳೆದೇ ಒಳಬನ್ನಿ ಎಂದು ಕಟ್ಟಪ್ಪಣೆ ಮಾಡಿದ. ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಜೂನ್‌ನಲ್ಲಿ ಸುಮಾರು 2ಕ್ಕೆ ಇಳಿಯಿತು. ಆ ವಿದ್ಯಾರ್ಥಿಗಳು ಕೆಟ್ಟವರೇನಲ್ಲ, ತಮ್ಮ ಕೈಯಲ್ಲಿ ಏನಿದೆಯೆಂದು ತಿಳಿಯದವರು. ಇಂದು ನಮಗೆ ತಿಳಿದಿದೆ. ಒಬ್ಬ ರೋಗಿಯಿಂದ ಇನ್ನೊಬ್ಬರ ಬಳಿಗೆ ಹೋಗುವ ಮುನ್ನ ಕೈ ತೊಳೆಯದಿರಲು ಯಾವ ನೆಪವೂ ಇಲ್ಲ. ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್‌ಗಳನ್ನೂ ಮೊದಲೇ ಹಾಕಿಸಿಕೊಳ್ಳಿ. ಸೂಜಿ ಚುಚ್ಚಿದರೆ ಬೈಗುಳಕ್ಕೆ ಹೆದರಿ ಬಚ್ಚಿಡಬೇಡಿ. ಸೋಪು ನೀರಿನಲ್ಲಿ ತೊಳೆದು ತಕ್ಷಣ ಹಿರಿಯರಿಗೆ ತಿಳಿಸಿ. ಎಚ್.ಐ.ವಿ. ತಡೆಯುವ ಮಾತ್ರೆಗಳನ್ನು ಎಷ್ಟು ಬೇಗ ಆದರೆ ಅಷ್ಟು ಬೇಗ, ಹೆಚ್ಚೆಂದರೆ 72 ಗಂಟೆಯೊಳಗೆ ಆರಂಭಿಸಬೇಕು.

ಕೊನೆಯದಾಗಿ ತಂದೆತಾಯಿಯರಿಗೊಂದು ಮಾತು. ಮಗಳು ಸಂಜೆ ಮನೆಗೆ ಬಂದಾಗ ‘ಇವತ್ತು ನಮ್ಮ ಕಡೆಯವರು ಯಾರು ಬಂದಿದ್ದರು, ಏನಾಗಿತ್ತಂತೆ?’ ಎಂದು ದಯವಿಟ್ಟು ಕೇಳಬೇಡಿ. ಕೇಳದಿದ್ದರೆ ಅವಳು ಹೇಳಬೇಕಾಗಿಯೇ ಬರುವುದಿಲ್ಲ. ‘ಊಟ ಆಯಿತೇನಮ್ಮ, ಕಾಲು ನೋಯುತ್ತಿದೆಯಾ?’ ಎಂದು ಕೇಳಿ. ಸಾವನ್ನು ಕಂಡು ಬಂದ ದಿನ ಅವಳೇ ಮಾತಾಡಲು ಬಯಸಿದರೆ ಪಕ್ಕದಲ್ಲಿ ಕುಳಿತು ಕೇಳಿ, ಯಾರ ಮನೆಯವರೆಂದು ಮಾತ್ರ ವಿಚಾರಿಸಬೇಡಿ. ನಾಳೆ ನಾವೇ ಆ ಹಾಸಿಗೆಯ ಮೇಲೆ ಮಲಗಬೇಕಾದಾಗ, ಪಕ್ಕದಲ್ಲಿ ನಿಂತು ನೋಡುವ ಯಾರದೋ ಮನೆಯ ಮಗುವೂ ಹೀಗೆಯೇ ಬೆಳೆದಿರಲಿ ಎಂದು ಬಯಸುವವರು ನಾವಲ್ಲವೆ?