ಶಹಾಪುರದಲ್ಲಿ ಒಂದು ನಾದಸ್ನಾನ

ನಿಪ್ಪಾಣಿಯಿಂದ ಕಾಗಲಕ್ಕೆ ಬಂದು, ಬೆಳ್ಳಿಯ ಕೆಲಸಕ್ಕೆ ಹೆಸರಾದ ಹುಪರಿಯ ಮೇಲೆ ಹಾಯ್ದು ಪಂಚಗಂಗೆಯನ್ನು ದಾಟಿದರೆ ಇಚಲಕರಂಜಿ. ಈ ಊರು ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯುತ್ತದೆ. 1904ರಲ್ಲಿ ಇಲ್ಲಿ ಮೊದಲ ವಿದ್ಯುತ್ ಮಗ್ಗ ಬಂದಿತು. ಇಂದು ಶಹಾಪುರದ ಕಡೆಗೆ ಹೋದರೆ ಓಣಿ ಓಣಿಯಲ್ಲಿ ತಗಡಿನ ಶೆಡ್ಡು, ಒಳಗೆ ಲಾಳಿಯ ಬಡಿತ. ಮನೆಯಲ್ಲಿ ಕುಳಿತು ಮಾತನಾಡುವಾಗಲೂ ಇಲ್ಲಿಯವರ ದನಿ ತುಸು ಏರಿಯೇ ಇರುತ್ತದೆ.

ನಮ್ಮ ಕಾಕಾ ಅವರ ಮನೆ ಇರುವುದು ಈ ಶಹಾಪುರದಲ್ಲಿ. ನಲವತ್ತು ವರ್ಷ ಮಗ್ಗಗಳ ನಡುವೆ ನಿಂತು ವ್ಯಾಪಾರ ಬೆಳೆಸಿದವರು. ಕಳೆದ ಚಳಿಗಾಲದ ಒಂದು ರವಿವಾರ ನಾವು ಹೋದಾಗ ವೈನಿಯವರು, "ಸಂಜೀಕ ಸೌಂಡ್ ಬಾತ್ ಐತಿ, ಎಲ್ಲಾರೂ ಹೋಗೂಣು" ಎಂದರು. ಸೌಂಡ್ ಬಾತ್, ಅಂದರೆ ನಾದಸ್ನಾನ. "ಟಾವೆಲ್ ತರಬೇಕೇನ್ರೀ ವೈನಿ?" ಎಂದು ಕೇಳಿ ನಾವು ಅವರನ್ನು ನಗಿಸಿದೆವು. ಹಗುರವಾದ ಹೊಟ್ಟೆಯಲ್ಲಿ ಬರಬೇಕೆಂದು ಮೊದಲೇ ತಿಳಿಸಿದ್ದರಂತೆ. ಸೂರ್ಯಾಸ್ತದೊಳಗೆ ಊಟ ಮುಗಿಸುವ ನಮ್ಮಂಥವರಿಗೆ ಅದೇನು ಕಷ್ಟವಾಗಲಿಲ್ಲ.

ಒಂದು ಕಾರ್ಯಾಲಯದ ಮಹಡಿಯ ಮೇಲೆ ಇಪ್ಪತ್ತು ಚಾಪೆಗಳನ್ನು ಹಾಸಿದ್ದರು. ನಡುವೆ ಸಣ್ಣದು ದೊಡ್ಡದು ಬಟ್ಟಲುಗಳು. ನಡೆಸಿಕೊಡುವ ತಾಯಿಯವರು ಮರಾಠಿಯಲ್ಲಿ ವಿವರಿಸಿದರು. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು, ಗರ್ಭಿಣಿಯರು, ಮೂರ್ಛೆಯ ತೊಂದರೆಯವರು ಇದ್ದರೆ ಮೊದಲೇ ಹೇಳಬೇಕೆಂದರು. ಬಟ್ಟಲುಗಳು ನೇಪಾಳದವು. ಏಳು ಲೋಹ ಬೆರೆಸಿ ಮಾಡಿದ್ದೆಂದು ಮಾರುವವರು ಹೇಳುವುದುಂಟು. ಪರೀಕ್ಷಿಸಿದರೆ ಹೆಚ್ಚಿನವು ತಾಮ್ರ ಮತ್ತು ತವರದ ಕಂಚೇ. ನಮ್ಮ ಬಸದಿಯ ಗಂಟೆಯೂ ಅದೇ ಜಾತಿಯದು. ಹಿಮಾಲಯದ ಈ ಬಟ್ಟಲುಗಳ ನಾದ 1970ರ ದಶಕದಲ್ಲಿ ಧ್ವನಿಮುದ್ರಿಕೆಗಳ ಮೂಲಕ ಅಮೆರಿಕದಲ್ಲಿ ಹಬ್ಬಿ, ಈಗ ಅಲ್ಲಿಂದ ಹೊಸ ಹೆಸರು ಹೊತ್ತು ನಮ್ಮ ಊರುಗಳಿಗೆ ಬಂದಿದೆ.

ದೀಪ ತಗ್ಗಿಸಿದರು. ನಾವು ಕಣ್ಣು ಮುಚ್ಚಿ ಮಲಗಿದೆವು. ದೊಡ್ಡ ಬಟ್ಟಲಿಗೆ ಮೆತ್ತನೆಯ ಕೊಡತಿಯಿಂದ ತಟ್ಟಿದಾಗ ಎದ್ದ ನಾದ ಕಿವಿಗೆ ಬಂದಷ್ಟೇ ಬೆನ್ನಿಗೂ ಬಂದಿತು, ನೆಲವೇ ಗುಂಯ್‌ಗುಟ್ಟಿದಂತೆ. ಸ್ವರದಲ್ಲಿ ಕೂದಲೆಳೆಯಷ್ಟು ಅಂತರವಿರುವ ಎರಡು ಬಟ್ಟಲುಗಳನ್ನು ಒಟ್ಟಿಗೆ ನುಡಿಸಿದರೆ ನಾದವು ಉಬ್ಬುತ್ತ ಇಳಿಯುತ್ತ ಅಲೆಯಾಗುತ್ತದೆ. ಆ ಅಲೆ ಸಣ್ಣಗಾಗಿ ಎಲ್ಲಿ ನಿಂತಿತೆಂದು ಹುಡುಕುತ್ತ ಹೋದ ಮನಸ್ಸು ಅಂಗಡಿಯ ಉದ್ರಿಯನ್ನೂ ಮರೆಯಿತು. ಪಕ್ಕದಲ್ಲಿ ಯಾರೋ ಗೊರಕೆ ಹೊಡೆದರು. ಯಾರೂ ತಪ್ಪು ತಿಳಿಯಲಿಲ್ಲ.

ಎದ್ದಾಗ ಮೈ ಹಗುರವಾಗಿತ್ತು, ನಿಜ. ಆದರೆ ಇದನ್ನು ಸಾಮಾಯಿಕದೊಡನೆ ಒಂದೇ ತಕ್ಕಡಿಯಲ್ಲಿ ತೂಗಲು ನಮಗೆ ಮನಸ್ಸಾಗದು. ಸಾಮಾಯಿಕದ 48 ನಿಮಿಷ ಓಡುವ ಮನಸ್ಸನ್ನು ನಾವೇ ಎಳೆದು ತರಬೇಕು. ಇಲ್ಲಿ ನಾದವೇ ಎತ್ತಿಕೊಂಡು ಹೋಗುತ್ತದೆ. ದಣಿದವರಿಗೆ ವಿಶ್ರಾಂತಿ ಎಂದರೆ ಸಾಕು. ಕ್ಯಾಲಿಫೋರ್ನಿಯಾದಲ್ಲಿ 62 ಜನರ ಮೇಲೆ ನಡೆಸಿದ ಒಂದು ಅಧ್ಯಯನದಲ್ಲಿ ಉದ್ವೇಗ, ಸಿಟ್ಟು, ಆಯಾಸ ಕಡಿಮೆಯಾದುದು ಕಂಡಿತು. ಆದರೆ ನಾದವಿಲ್ಲದೆ ಸುಮ್ಮನೆ ಮಲಗಿದವರೊಂದಿಗೆ ಹೋಲಿಸಿ ನೋಡಿರಲಿಲ್ಲವಾದ್ದರಿಂದ ಅದನ್ನು ಪೂರ್ತಿ ನೆಚ್ಚುವಂತಿಲ್ಲ.

ಮೆಟ್ಟಿಲು ಇಳಿಯುವಾಗ ಕಾಕಾ ಅವರು, "ಚಲೋ ಇತ್ತು. ಆದ್ರ ನಡುವ ಭಾಳ ಹೊತ್ತು ಯಾಕ ಸುಮ್ನ ಕುಂತ್ರು?" ಎಂದು ಕೇಳಿದರು. ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಅವರು ಸುಮ್ಮನೆ ಕುಳಿತಿರಲೇ ಇಲ್ಲ. ಆ ಹೊತ್ತಿನಲ್ಲಿ ಸಣ್ಣ ಬಟ್ಟಲುಗಳೂ ಕಿರುಗಂಟೆಗಳೂ ಎಡೆಬಿಡದೆ ನುಡಿದಿದ್ದವು.

ಮಗ್ಗದ ಶೆಡ್ಡಿನ ಸದ್ದು ಸಾಮಾನ್ಯವಾಗಿ 90 ಡೆಸಿಬೆಲ್ ಮೀರಿರುತ್ತದೆ. ದಿನಕ್ಕೆ ಎಂಟು ತಾಸು 85 ಡೆಸಿಬೆಲ್ ಕೇಳಿದರೇ ವರ್ಷ ಕಳೆದಂತೆ ಕಿವಿಗೆ ಅಪಾಯ. ಅದು ಮೊದಲು ಕೊಲ್ಲುವುದು ಸೂಕ್ಷ್ಮವಾದ ಏರುದನಿಯನ್ನು. ಗಡಸು ನಾದ ಬಹುಕಾಲ ಉಳಿಯುತ್ತದೆ. ಆದ್ದರಿಂದಲೇ ಕಿವಿ ಹೋಗಿದ್ದು ಗೊತ್ತಾಗುವುದಿಲ್ಲ. 'ಸ', 'ಶ', 'ತ' ಅಕ್ಷರಗಳು ಜಾರಿ ಮಾತು ಮಾತ್ರ ಮಸುಕಾಗುತ್ತದೆ. ಮೊಮ್ಮಗಳು ಮಾತನಾಡಿಸಿದರೆ ಅಜ್ಜ ಉತ್ತರ ಕೊಡುವುದಿಲ್ಲವೆಂದು ಮನೆಯಲ್ಲಿ ಎರಡು ವರ್ಷದಿಂದ ಬೇಸರವಿತ್ತು. ಹುಡುಗಿ ಅವರ ಹತ್ತಿರ ಹೋಗುವುದನ್ನೇ ಬಿಟ್ಟಿದ್ದಳು.

ಹೀಗೆ ಹೋದ ಶ್ರವಣಶಕ್ತಿ ಯಾವ ಬಟ್ಟಲಿನಿಂದಲೂ ಮರಳುವುದಿಲ್ಲ, ಶ್ರವಣಯಂತ್ರದಿಂದ ಸಹಾಯವಾದೀತು. ಈಗ ಶೆಡ್ಡು ನೋಡಿಕೊಳ್ಳುವ ಮಗ ಕಿವಿಯಲ್ಲಿ ಅರಳೆ ತುರುಕಿಕೊಂಡು ನಿಲ್ಲುತ್ತಾನೆ. ಅರಳೆ ಸಾಲದು. ಆ ರಾತ್ರಿಯೇ ವೈನಿಯವರು ಮಗನನ್ನು ಕೂಡಿಸಿಕೊಂಡು, ಅವನಿಗೂ ಶೆಡ್ಡಿನ ಹನ್ನೆರಡು ಕೆಲಸಗಾರರಿಗೂ ಕಿವಿಗೆ ಹಾಕುವ ರಕ್ಷೆಗಳನ್ನು ತರಿಸಲು ಚೀಟಿ ಬರೆಸಿದರು. ಕಾಕಾ ಅವರನ್ನು ಗುರುವಾರ ಮಿರಜಿಗೆ ಕರೆದೊಯ್ದು ಕಿವಿ ಪರೀಕ್ಷೆ ಮಾಡಿಸುವುದೆಂದೂ ಗೊತ್ತಾಯಿತು.

ಮೊಮ್ಮಗಳು ಅವರ ಬಲಗಿವಿಯ ಹತ್ತಿರ ಬಂದು ದನಿ ತಗ್ಗಿಸಿ, ದಪ್ಪಗೆ ಮಾಡಿ, "ಅಜ್ಜಾ, ಗುರುವಾರ ನಾನೂ ಬರ್ತೀನಿ" ಎಂದಳು. ಈ ಸಲ ಅವರಿಗೆ ಕೇಳಿಸಿತು.

"ಬಾರವ್ವಾ," ಎಂದರು. ನಂತರ ನಮ್ಮ ಕಡೆ ತಿರುಗಿ, "ಆ ದೊಡ್ಡ ಬಟ್ಟಲಾ ಕಂಚಿನ ದರಕ್ಕ ಕೊಡ್ತಾರೇನ, ಕೇಳ್ರಿ."