ಸಂಸರ್ಗವೂ ಅಂಕಿಯೂ

‘ಫುಟ್‌ಬಾಲ್ ಮ್ಯಾನೇಜರ್’ ಎಂಬ ಗಣಕಯಂತ್ರದ ಆಟವನ್ನು ಆಡುವವನು ತಾನು ಚೆಂಡನ್ನು ಒದೆಯುವುದಿಲ್ಲ; ತಂಡವನ್ನು ಸಾಕಿ ಬೆಳೆಸುವ ಯಜಮಾನನಾಗಿರುತ್ತಾನೆ. ಇಂಗ್ಲೆಂಡಿನ ಕಾಲಿಯರ್ ಸಹೋದರರು 1992ರಲ್ಲಿ ಬೇರೊಂದು ಹೆಸರಿನಿಂದ ಹೊರತಂದ ಆಟದ ಸಂತಾನವೇ ಇದು. ಇದರಲ್ಲಿ ಕಾಲಿನ ಚುರುಕಿಗೆ ಹೇಗೋ ಹಾಗೆಯೇ ಮನಸ್ಸಿನ ಗುಣಗಳಿಗೂ 1ರಿಂದ 20ರವರೆಗೆ ಅಂಕಿಗಳುಂಟು. ದೃಢನಿಶ್ಚಯವು ಕಣ್ಣಿಗೆ ಕಾಣುವುದು. ವೃತ್ತಿನಿಷ್ಠೆ, ಮಹತ್ತ್ವಾಕಾಂಕ್ಷೆ ಮೊದಲಾದುವು ಮರೆಯಲ್ಲಿರುವುವು.

ಮೊದಲು ಹಿರಿಯನೊಬ್ಬನಿಗೆ ಕಿರಿಯನೊಬ್ಬನನ್ನು ಶಿಷ್ಯನಾಗಿ ಒಪ್ಪಿಸುವ ಕ್ರಮವಿತ್ತು. 2018ರಲ್ಲಿ ಹೊರಬಂದ ಆವೃತ್ತಿಯಲ್ಲಿ ಅದು ಹೋಗಿ ಗುಂಪಿನ ಸಹವಾಸವು ಬಂದಿತು. ತಂಡದಲ್ಲಿ ಯಾರ ಮಾತಿಗೆ ತೂಕವಿದೆಯೋ ಅವರ ಸ್ವಭಾವವು ಎಳೆಯರಿಗೆ ಮೆಲ್ಲನೆ ಅಂಟುವುದು. ದುಃಸ್ವಭಾವವೂ ಹಾಗೆಯೇ ಅಂಟೀತು. ಈ ವಿವೇಕವು ಶ್ಲಾಘ್ಯವೇ ಸರಿ.

ಆದರೆ ಹಳೆಯ ಕ್ರಮದಲ್ಲಿ ಗುರುಶಿಷ್ಯರು ಮನಸ್ತಾಪದಿಂದ ಅಗಲುವುದೂ ಉಂಟಾಗಿತ್ತು; ಗುಂಪಿನಲ್ಲಿ ಆ ಬಿಸಿ ಆರಿಹೋಗಿದೆ. ಇಂಥವನು ಇಂಥವನಿಂದ ತಿದ್ದಿಕೊಂಡನೆಂಬ ವಾರ್ತೆ ಬರುವುದು, ಹೇಗೆಂಬುದು ಬಾರದು. ಹದಿನೆಂಟರ ಹುಡುಗನು ನಿರ್ಣಾಯಕವಾದ ಪೆನಾಲ್ಟಿಯನ್ನು ವ್ಯರ್ಥಮಾಡಿ ತಲೆತಗ್ಗಿಸಿ ಬರುವಾಗ ನಾಯಕನು ಹೆಗಲಮೇಲೆ ಕೈಯಿಟ್ಟನೋ, ಮುಖ ತಿರುಗಿಸಿದನೋ? ಅಂಕಿಯು ಏರಬೇಕಾದುದೂ ಇಳಿಯಬೇಕಾದುದೂ ಅಲ್ಲಿ. ಮತ್ತೂ ಒಂದು ಮಾತು: ತನ್ನ ಸ್ಥಾನವನ್ನೇ ಕಸಿಯಬಲ್ಲ ಹುಡುಗನಿಗೆ ವಿದ್ಯೆ ಹೇಳಿಕೊಡುವ ಹಿರಿಯನಲ್ಲಿ ಮತ್ಸರವೂ ಔದಾರ್ಯವೂ ಹೋರಾಡುವುವು. (ಪಾಠಶಾಲೆಗಳಲ್ಲಿ ಇದನ್ನು ಕಾಣದವರಾರು?) ಆ ಹೋರಾಟಕ್ಕೂ ಒಂದು ಅಂಕಿ ಬೇಕು. ಮೂವತ್ತೈದರ ಮೊಂಡನೊಬ್ಬನು ಶಿಷ್ಯನ ಗೆಲುವನ್ನು ಕಂಡು ತಾನೇ ಮೃದುವಾದರೆ, ಅದೂ ಲೆಕ್ಕಕ್ಕೆ ಬರಬೇಕು.